ಲಾರಿಯ ಸ್ಟೀರಿಂಗ್ ಸಡಿಲವಾಗಿಲ್ಲವೆಂದು ಭಾವಿಸುವ ಕುರಿತು

ವಾಹನ ನಿರ್ವಹಣೆ ಮತ್ತು ಗುಡ್ಡಗಾಡು ಸಂಚಾರ ಇಲಾಖೆ
(ಅಲ್ಲಾಟ ಶಾಖೆ)

ಸಂಖ್ಯೆ: ವಾನಿ/ಗುಸಂ/ಅಲ್ಲಾಟ/ಮರುಪರಿಶೀಲನೆಯ ಮರುಪರಿಶೀಲನೆ

ಸುತ್ತೋಲೆ

ವಿಷಯ: ಗುಡ್ಡದ ಠಾಣೆಗೆ ಸಾಮಾನು ಸಾಗಿಸುವ ಲಾರಿಯ ಸ್ಟೀರಿಂಗ್ ಸಡಿಲವಾಗಿದೆ ಎಂಬ ಅಭಿಪ್ರಾಯವನ್ನು ಬಿಗಿಗೊಳಿಸುವ ಬಗ್ಗೆ, ಹಾಗೂ ಸದರಿ ಲಾರಿಗೆ ಎತ್ತರದ ಸ್ಪ್ರಿಂಗ್ ಆಯ್ಕೆ ಮಾಡಿರುವ ಬಗ್ಗೆ.

ಉಲ್ಲೇಖ:
1. ಮೃತ ಚಾಲಕರು ಬದುಕಿದ್ದಾಗ ಬಾಯಿಮಾತಿನಲ್ಲಿ ನೀಡಿದ ದೂರು.
2. ಅದೇ ದೂರು, ಸ್ವಲ್ಪ ಗಟ್ಟಿಯಾಗಿ.
3. ಸದರಿಯವರ ಅಂತ್ಯಕ್ರಿಯೆ.

ಪ್ರಸ್ತಾವನೆ:

ಉಲ್ಲೇಖ (3) ಮುಗಿದು, ಬಾಡಿಗೆ ಕುರ್ಚಿಗಳನ್ನು ಕುರ್ಚಿಯವರು ಒಯ್ದು, ನೆಂಟರು ತಂತಮ್ಮ ಬಸ್ಸು ಹಿಡಿದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಮೃತರ ಪತ್ನಿಯವರು ಎದ್ದು, ಮನೆಯ ಮುಂದೆ ಗುಡಿಸಿ, ನೀರು ತುಂಬಿಸಿಟ್ಟು, ಇನ್ನೇನು ಮಾಡಬೇಕೆಂದು ತೋಚದೆ ಗುಡಿಸಿದ್ದನ್ನೇ ಮತ್ತೊಮ್ಮೆ ಗುಡಿಸುತ್ತಿದ್ದರೆಂದು ಇಲಾಖೆಯ ಜವಾನರು ವರದಿ ಮಾಡಿರುತ್ತಾರೆ. ಆಕೆ ಅಳುತ್ತಿರಲಿಲ್ಲ. ಅಳದಿರುವುದಕ್ಕೆ ಪೂರ್ವಾನುಮತಿ ಪಡೆದಿರಲಿಲ್ಲವಾದರೂ ಈ ಬಾರಿಗೆ ಮನ್ನಿಸಲಾಗಿದೆ.

ಅದೇ ಬೆಳಿಗ್ಗೆ ಇಲಾಖೆಯೂ ಎಂದಿನಂತೆ ಬಾಗಿಲು ತೆರೆಯಿತು. ಗುಡ್ಡದ ಕೊನೆಯ ತಿರುವಿನಲ್ಲಿ ರಸ್ತೆ ಬಿಟ್ಟು ಇಳಿದಾಗ ಲಾರಿ ಬಂಡೆಯೊಂದಕ್ಕೆ ಒರಗಿ ನಿಂತುಕೊಂಡಿತ್ತು. ಚಾಲಕರಿಗೆ ಹಾಗೆ ನಿಲ್ಲಲಾಗಲಿಲ್ಲ. ಆದ್ದರಿಂದ ಲಾರಿಯ ದುರಸ್ತಿ ಅಂತ್ಯಕ್ರಿಯೆಗೂ ಮೊದಲೇ ಮುಗಿದು, ಬಣ್ಣ ಒಣಗಿ, ಲಾರಿಯು ಸದರಿ ಬೆಳಿಗ್ಗೆಯ ಮಾರನೆಯ ದಿನವೇ ಅದೇ ದಾರಿಯಲ್ಲಿ ಹೊರಡಲು ಸಿದ್ಧವಾಗಿತ್ತು. ಅದನ್ನು ಓಡಿಸಲು, ಎಲ್ಲರೂ ಉದ್ದಣ್ಣ ಎಂದು ಕರೆಯುವ, ಮೃತರ ಜೊತೆಗಾರ ಚಾಲಕರನ್ನು ನಿಯೋಜಿಸಲಾಗಿತ್ತು. ಈ ಸಂಬಂಧ ಸಮಸ್ತ ಸಿಬ್ಬಂದಿಯ ಗಮನಕ್ಕೆ ಕೆಳಕಂಡ ಅಂಶಗಳನ್ನು ತರಲಾಗಿದೆ:

1. ಇಲಾಖೆಯ ಯಾವುದೇ ವಾಹನದ ಸ್ಟೀರಿಂಗ್ ಸಡಿಲವಾಗಿರತಕ್ಕದ್ದಲ್ಲ. ಸಡಿಲವಾಗಿದ್ದಲ್ಲಿ, ಹಾಗೆಂದು ಹೇಳತಕ್ಕದ್ದಲ್ಲ.

2. ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ತಿರುಗುವುದನ್ನು 'ಆಟ' ಎಂದು ಚಾಲಕರು ಕರೆಯುತ್ತಿದ್ದು, ಸರ್ಕಾರಿ ವಾಹನದಲ್ಲಿ ಆಟಕ್ಕೆ ಅವಕಾಶವಿಲ್ಲ. ಇನ್ನು ಮುಂದೆ ಸ್ಟೀರಿಂಗ್ ಅರ್ಧ ಗೇಣು ಸುಮ್ಮನೆ ತಿರುಗಿದರೆ ಅದನ್ನು 'ಸ್ವಾಭಾವಿಕ' ಎಂದೂ, ಒಂದು ಗೇಣಾದರೆ 'ವಾಹನದ ಅನುಭವ' ಎಂದೂ, ಎರಡು ಗೇಣಾದರೆ 'ಚಾಲಕರ ಮನೋಭಾವ' ಎಂದೂ ನಮೂದಿಸತಕ್ಕದ್ದು. ಅದಕ್ಕಿಂತ ಹೆಚ್ಚಾದಲ್ಲಿ ಅಳೆದವರ ಗೇಣನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.

3. ಸದರಿ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಚಾಲಕ ಉದ್ದಣ್ಣ ಹಾಗೂ ಮೇಸ್ತ್ರಿಯವರ ನಡುವೆ ಕೆಳಕಂಡ ಮಾತುಕತೆ ನಡೆದಿದ್ದು, ಇಂಥದ್ದು ಮರುಕಳಿಸತಕ್ಕದ್ದಲ್ಲ:

"ಮೇಸ್ತ್ರಿ, ಕಾಲು ಸುತ್ತು ತಿರುಗಿಸಿದ್ರೂ ಗಾಡಿ ತನ್ನ ಪಾಡಿಗೆ ನೆಟ್ಟಗೆ ಹೋಗ್ತಾನೇ ಇರುತ್ತೆ."

"ನೆಟ್ಟಗೆ ಹೋಗೋದು ಒಳ್ಳೇ ಗುಣ ಅಲ್ವೇನಯ್ಯಾ? ನಿನಗಂತೂ ಬರಲಿಲ್ಲ."

"ತಿರುವಲ್ಲೂ ನೆಟ್ಟಗೆ ಹೋದ್ರೆ?"

"ಹೋದವನನ್ನೇ ಕೇಳು."

ಇದಾದ ಮೇಲೆ ಮೇಸ್ತ್ರಿಯವರು ನಾಲಿಗೆ ಕಚ್ಚಿಕೊಂಡಿರುತ್ತಾರೆ. ನಾಲಿಗೆ ಕಚ್ಚಿಕೊಳ್ಳುವುದನ್ನು ಕೆಲಸದ ವೇಳೆಯ ಹೊರಗೆ ಇಟ್ಟುಕೊಳ್ಳಲು ಸೂಚಿಸಲಾಗಿದೆ.

4. ಒಬ್ಬರು ಮೇಲೆ ಕೂತು ಸ್ಟೀರಿಂಗ್ ಅಲ್ಲಾಡಿಸುವುದು, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡುವುದು — ಈ ಪದ್ಧತಿಯನ್ನು ಈ ಕೂಡಲೇ ನಿಷೇಧಿಸಲಾಗಿದೆ. ಈ ಪದ್ಧತಿಯಲ್ಲಿ ದೋಷ ಸಿಗುತ್ತದೆ. ಮೃತರು ಭಾನುವಾರಗಳಂದು ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿಕೊಂಡು, ಸ್ನಾತಕೋತ್ತರ ಪದವೀಧರೆಯಾದ ಪತ್ನಿಯನ್ನು ಚಾಲಕರ ಸೀಟಿನಲ್ಲಿ ಕೂರಿಸಿ ಇದನ್ನು ನಡೆಸುತ್ತಿದ್ದುದು ಬೀದಿಯವರಿಗೆಲ್ಲ ಗೊತ್ತಿತ್ತು. ಆಕೆ ಮಡಿಲಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಕೂರುತ್ತಿದ್ದರು. "ಪುಟ ಆಮೇಲೆ ತಿರುಗಿಸ್ಕೋ ಮಾರಾಯ್ತಿ, ಈಗ ಸ್ಟೀರಿಂಗ್ ತಿರುಗಿಸು" ಎಂಬ ಕೂಗು ಕೆಳಗಿನಿಂದ ಬರುತ್ತಿತ್ತು. ಕೈಗೆ ಸಿಕ್ಕ ಪ್ರತಿ ಕೀಲಿನ ಹೆಸರನ್ನೂ, ಅದರ ಆರೋಗ್ಯವನ್ನೂ ಅವರು ಕೆಳಗಿನಿಂದಲೇ ಒಪ್ಪಿಸುತ್ತಿದ್ದರು. ಸರ್ಕಾರಿ ವಾಹನವನ್ನು ಹೀಗೆ ದಾಂಪತ್ಯಕ್ಕೆ ಬಳಸಿಕೊಂಡಿರುವುದು ಖಂಡನೀಯ.

5. ಸ್ಟೀರಿಂಗ್ ಸಡಿಲವೆನಿಸಿದಾಗ ಮೊದಲು ಟೈರಿನ ಗಾಳಿ, ಆಮೇಲೆ ಚಕ್ರದ ಬೇರಿಂಗ್, ಆಮೇಲೆ ಕೀಲುಗಳು, ಆಮೇಲೆ ಮುಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿದಿಡುವ ಅಡ್ಡ ರಾಡ್, ಹೀಗೆ ಒಂದೊಂದಾಗಿ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಸ್ಪ್ರಿಂಗಿನ ಮಾತೆತ್ತಬೇಕೆಂದು ಮೃತರು ವಾದಿಸುತ್ತಿದ್ದರು. ಇಷ್ಟು ವ್ಯವಸ್ಥಿತವಾಗಿ ನೋಡಿದರೆ ಕಾರಣ ಪತ್ತೆಯಾಗಿಬಿಡುವ ಅಪಾಯವಿರುತ್ತದೆ. ಆದ್ದರಿಂದ ಇನ್ನು ಮುಂದೆ ಮೊದಲು ಚಾಲಕರ ನಡತೆ, ಆಮೇಲೆ ಚಾಲಕರ ನಿದ್ರೆ, ಆಮೇಲೆ ಮೋಡ, ಆಮೇಲೆ ರಸ್ತೆಯನ್ನು ಪರಿಶೀಲಿಸತಕ್ಕದ್ದು. ಇಷ್ಟಾದ ಮೇಲೂ ಊಟದ ವೇಳೆ ಆಗಿರದಿದ್ದಲ್ಲಿ ಬೋಲ್ಟುಗಳನ್ನು ದೂರದಿಂದ ನೋಡಬಹುದು.

6. ಸಸ್ಪೆನ್ಷನ್ ಉನ್ನತೀಕರಣ ಸಮಿತಿಯು ಮೆತ್ತನೆಯ, ಗಟ್ಟಿಯಾದ ಹಾಗೂ ಎತ್ತರದ ಸ್ಪ್ರಿಂಗುಗಳನ್ನು ಮೇಜಿನ ಮೇಲಿಟ್ಟು ಕೂಲಂಕಷವಾಗಿ ಚರ್ಚಿಸಿತು. ಲಾರಿ ಯಾವ ದಾರಿಯಲ್ಲಿ, ಎಷ್ಟು ಭಾರ ಹೊತ್ತು ಹೋಗುತ್ತದೆಂದು ಕೇಳಿದ ಸದಸ್ಯರೊಬ್ಬರನ್ನು ವಿಷಯಾಂತರಕ್ಕಾಗಿ ಹೊರಗೆ ಕಳುಹಿಸಲಾಯಿತು. ಉಳಿದವರು ಎತ್ತರದ್ದನ್ನೇ ಒಮ್ಮತದಿಂದ ಆರಿಸಿದರು. ಕಾರಣ: ಲಾರಿ ಎತ್ತರವಾದಷ್ಟೂ ದೋಷವು ನೆಲದಿಂದ ದೂರವಾಗುತ್ತದೆ, ಮೇಲಾಗಿ ಫೋಟೋದಲ್ಲಿ ಎದ್ದು ಕಾಣುತ್ತದೆ.

7. ಎತ್ತರ ಹೆಚ್ಚಿಸಿದ ಮೇಲೆ ಅಡ್ಡ ರಾಡ್ ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆದಿದೆ, ಅಷ್ಟಕ್ಕೆ ತಕ್ಕ ಉದ್ದದ ರಾಡ್ ಬೇಕು, ಇಲ್ಲವಾದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನಾಗಿ ತಿರುಗುತ್ತದೆ ಎಂದು ಚಾಲಕ ಉದ್ದಣ್ಣ ತಕರಾರು ಎತ್ತಿರುತ್ತಾರೆ. ಸ್ಟೀರಿಂಗ್ ತಾನಾಗಿ ತಿರುಗುವುದರಿಂದ ಚಾಲಕರ ಶ್ರಮ ಉಳಿಯುವುದನ್ನು ಸದರಿಯವರು ಪರಿಗಣಿಸಿಲ್ಲ. ಆದರೂ ಉದಾರ ದೃಷ್ಟಿಯಿಂದ ಸ್ಟೀರಿಂಗಿಗೆ ಹೊಸ ಶಾಕ್ ಅಬ್ಸಾರ್ಬರ್ ಒಂದನ್ನು ಜೋಡಿಸಲಾಗಿದೆ. ಇದರಿಂದ ನಡುಕ ಕೈಗೆ ಬರುವುದಿಲ್ಲ. ದೋಷ ಇದೆಯೋ ಇಲ್ಲವೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಇದನ್ನೇ ದುರಸ್ತಿ ಎಂದು ಓದಿಕೊಳ್ಳತಕ್ಕದ್ದು.

8. ದುರಸ್ತಿಯಾದ ಲಾರಿಯ ಮೊದಲ ಸಂಚಾರದಲ್ಲಿ ಸಮಿತಿಯ ಸದಸ್ಯರೂ ಗುಡ್ಡಕ್ಕೆ ಬರುವರು. ಸುರಕ್ಷತೆಯ ದೃಷ್ಟಿಯಿಂದ ಅವರು ಬೇರೆ ವಾಹನದಲ್ಲಿ, ಬೇರೆ ರಸ್ತೆಯಲ್ಲಿ ಬರುವರು.

9. ಮೃತರು ಉಗ್ರಾಣದಿಂದ ಎರವಲು ಪಡೆದ ದೊಡ್ಡ ಸ್ಪ್ಯಾನರ್ ಹಿಂದಿರುಗಿಲ್ಲವೆಂಬುದು ಅದೇ ಬೆಳಿಗ್ಗೆ ಗಮನಕ್ಕೆ ಬಂದು, ಜವಾನರನ್ನು ಅವರ ಮನೆಗೆ ಅಟ್ಟಲಾಯಿತು. ಪತ್ನಿಯವರ ಹೆಸರಿಗೆ ಇಲಾಖೆಯ ಸಂತಾಪ ಪತ್ರ ಸಿದ್ಧವಿದ್ದು, ಸಾಮಾನು ಬಾಕಿಯಿರುವ ಕಾರಣ ಸಂತಾಪವನ್ನು ತಡೆಹಿಡಿಯಲಾಗಿದೆ ಎಂದು ತಿಳಿಸಲಾಯಿತು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, "ಲಾರಿ ಯಾವಾಗ ಹೊರಡುತ್ತೆ?" ಎಂದು ಕೇಳಿದರು. "ನಾಳೆ ಕಣಮ್ಮ, ಉದ್ದಣ್ಣನ ಕೈಲಿ" ಎಂದು ಜವಾನರು ಕೇಳಿದ್ದಕ್ಕೆ ಉತ್ತರ ಕೊಟ್ಟಿರುತ್ತಾರೆ. ಇದು ಶಿಸ್ತಿನ ಉಲ್ಲಂಘನೆ.

10. ಮಧ್ಯಾಹ್ನ ಆಕೆ ಸ್ಪ್ಯಾನರನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಉಗ್ರಾಣದ ದಾರಿ ವರ್ಕ್‌ಶಾಪಿನೊಳಗಿಂದಲೇ ಹಾದುಹೋಗುವುದು ಕಟ್ಟಡದ ತಪ್ಪೇ ಹೊರತು ಇಲಾಖೆಯದ್ದಲ್ಲ. ಮೇಸ್ತ್ರಿ ಮೊದಲಾದವರು ಲಾರಿಯ ಬಾಗಿಲಿನ ಮೇಲೆ ಬರೆಸಬೇಕಾದ ಘೋಷಣೆಯ ಕುರಿತ ಸಭೆಯಲ್ಲಿದ್ದರು. ಲಾರಿಯ ಹತ್ತಿರ ಉದ್ದಣ್ಣ ಒಬ್ಬರೇ ಇದ್ದರು. ಅನಂತರ ನಡೆದದ್ದನ್ನು ಸದರಿಯವರ ಹೇಳಿಕೆಯಂತೆ ದಾಖಲಿಸಲಾಗಿದೆ:

"ಅತ್ತಿಗೆ, ನೀವ್ಯಾಕೆ ಬರೋಕೆ ಹೋದ್ರಿ? ಒಂದು ಮಾತು ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ."

"ನಾಳೆ ನೀನೇ ಹೋಗ್ತಿರೋದಾ?"

"ಇನ್ಯಾರಿದ್ದಾರೆ? ಹೋಗಲ್ಲ ಅಂದೆ. ಹೆದರುಪುಕ್ಕಲ ಅಂತಾರೆ."

"ಹತ್ತು ಮೇಲಕ್ಕೆ. ಎಡಕ್ಕೆ, ಬಲಕ್ಕೆ ಅಲ್ಲಾಡಿಸ್ತಾ ಇರು. ನಾನು ಸಾಕು ಅನ್ನೋವರೆಗೂ."

"ಅಯ್ಯೋ, ಬಟ್ಟೆಯೆಲ್ಲ ಗ್ರೀಸಾಗುತ್ತೆ ಅತ್ತಿಗೆ..."

"ಹತ್ತೋ."

ಆಕೆ ಲಾರಿಯ ಕೆಳಗೆ ನುಸುಳಿದರು. ಯಾವಾಗಲೂ ಮೇಲೆ ಕೂತವರು ಕೆಳಗೆ ಹೋದದ್ದು ಅದೇ ಮೊದಲು. ಆದರೂ ಕೈಗೆ ದಾರಿ ಗೊತ್ತಿತ್ತು. ಕೀಲಿನಿಂದ ಕೀಲಿಗೆ, ಕೇಳಿದ್ದ ಕ್ರಮದಲ್ಲೇ ಅದು ಸಾಗಿತು. ಅಡ್ಡ ರಾಡಿನ ತುದಿಗೆ ಬಂದಾಗ ನಿಂತಿತು. ಬೋಲ್ಟು ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಅದು ಕೂರುವ ತೂತು ಸವೆದು ಮೊಟ್ಟೆಯ ಆಕಾರವಾಗಿತ್ತು. ಬೋಲ್ಟಿನ ತಲೆಗೂ ಬಣ್ಣ ಬಳಿಯಲಾಗಿದ್ದು, ಬಣ್ಣ ಆಗಲೇ ಸುತ್ತಲೂ ಬಿರುಕು ಬಿಟ್ಟಿತ್ತು.

"ಏನಾದ್ರೂ ಸಿಕ್ತಾ ಅತ್ತಿಗೆ?"

"ಸಿಕ್ತು."

"ಏನು?"

"ನಿಮ್ಮಣ್ಣ ಹೇಳಿದ್ದೇ."

ಮೇಲೆ ಸ್ಟೀರಿಂಗ್ ನಿಂತಿತು. ಕೆಳಗೆ ಟವೆಲ್ ಬಿಚ್ಚುವ ಸದ್ದಾಯಿತು. ನಟ್ಟು ಕಳಚಲು ಆಕೆಗೆ ಹೆಚ್ಚು ಬಲ ಬೇಕಾಗಲಿಲ್ಲ ಎಂಬುದನ್ನು ಇಲಾಖೆ ವಿಷಾದದಿಂದ ಗಮನಿಸಿದೆ. ಬೋಲ್ಟು ಹಿಡಿದುಕೊಂಡು ಆಕೆ ಹೊರಗೆ ಬಂದ ಮೇಲೆ ಉದ್ದಣ್ಣ ಸ್ಟೀರಿಂಗನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಚಕ್ರಗಳು ತಿರುಗುವ ಬದಲು ಇಡೀ ಲಾರಿಯೇ ಆಕ್ಸಲಿನ ಮೇಲೆ ಪಕ್ಕಕ್ಕೆ ಸರಿಯಿತು. ಸದರಿಯವರು ಕೆಳಗಿಳಿದು ಬಂದರು.

11. ಉಗ್ರಾಣಿಗರು ಸ್ಪ್ಯಾನರನ್ನು ತಿರುಗಿಸಿ ನೋಡಿ ಸ್ವೀಕರಿಸಿದರು. ಆಕೆ ಅದರ ಪಕ್ಕದಲ್ಲಿ ಬೋಲ್ಟನ್ನೂ ಇಟ್ಟರು.

"ಇದೇನಮ್ಮ?"

"ಲಾರೀದು."

"ಇದನ್ನ ನಾವು ನಿಮ್ಮ ಯಜಮಾನರಿಗೆ ಕೊಟ್ಟೇ ಇಲ್ವಲ್ಲ. ಕೊಡದೇ ಇರೋದನ್ನ ವಾಪಸ್ ತಗೊಳ್ಳೋಕೆ ಬರಲ್ಲಮ್ಮ."

"ತಗೋಬೇಡಿ. ಇಲ್ಲೇ ಇರಲಿ."

ನೀಡದೇ ಇದ್ದ ಸಾಮಾನು ಮರಳಿ ಬಂದಲ್ಲಿ, ಅದು ಬಂದ ಬಗೆಯನ್ನು ಸಮಿತಿಯೊಂದು ನಿರ್ಣಯಿಸುವವರೆಗೆ ಮೊಹರು ಮಾಡಿ ಇಡತಕ್ಕದ್ದೆಂಬುದು ನಿಯಮ. ಅದರಂತೆ ಉಗ್ರಾಣಿಗರು ಬೋಲ್ಟಿಗೆ ಮೊಹರು ಹಾಕಿದರು. ಹೊಸ ಬೋಲ್ಟು ಬೇಕಾದವರು ಹಳೆಯದನ್ನು ತಂದೊಪ್ಪಿಸತಕ್ಕದ್ದೆಂಬುದೂ ನಿಯಮವೇ. ಹಳೆಯದು ಮೊಹರಿನೊಳಗಿರುವುದರಿಂದ ಅದನ್ನು ಯಾರೂ ತಂದೊಪ್ಪಿಸುವಂತಿಲ್ಲ. ಹೊಸದನ್ನು ಯಾರಿಗೂ ಕೊಡುವಂತಿಲ್ಲ. ಈ ನಿಯಮಗಳು ತಿಳಿದೇ ಹೀಗೆ ಮಾಡಿದಿರಾ ಎಂದು ಆಕೆಯನ್ನು ವಿಚಾರಿಸಲಾಗಿ, "ಅವರು ಹೊಸ ಬೋಲ್ಟು ಕೇಳ್ಕೊಂಡು ಬಂದಾಗಲೆಲ್ಲ ನೀವು ಇದನ್ನೇ ಹೇಳಿ ಕಳಿಸ್ತಿದ್ರಲ್ಲ" ಎಂದಷ್ಟೇ ಉತ್ತರಿಸಿರುತ್ತಾರೆ.

12. ಆದುದರಿಂದ ಸದರಿ ಲಾರಿಯು ಮುಂದಿನ ಆದೇಶದವರೆಗೆ ವರ್ಕ್‌ಶಾಪಿನಲ್ಲಿ ನಿಂತುಕೊಂಡೇ ಗುಡ್ಡಕ್ಕೆ ಹೋಗಿಬರುತ್ತಿದೆ ಎಂದು ಎಲ್ಲರೂ ಭಾವಿಸತಕ್ಕದ್ದು. ಸ್ಪ್ಯಾನರ್ ಸುಸ್ಥಿತಿಯಲ್ಲಿ ಮರಳಿ ಬಂದಿರುವುದನ್ನು ಈ ಮೂಲಕ ದೃಢೀಕರಿಸಿ, ತಡೆಹಿಡಿದಿದ್ದ ಸಂತಾಪ ಪತ್ರವನ್ನು ಮೃತರ ಪತ್ನಿಗೆ ಅಲ್ಲಿಯೇ ವಿತರಿಸಲಾಯಿತು. ಆಕೆ ಅದರಿಂದ ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸಿಕೊಂಡರು. ಕಾಗದ ಒಳ್ಳೆಯದಿದ್ದು, ಎರಡೂ ಕೈಗೆ ಸಾಕಾಯಿತು.

ಸಹಿ/-
(ಓದಲಾಗದು)
ಅಧೀಕ್ಷಕರು, ಅಲ್ಲಾಟ ಶಾಖೆ
ಮೇಲಧಿಕಾರಿಗಳ ಪರವಾಗಿ, ಅವರ ಅರಿವಿಗೆ ಬಾರದಂತೆ

ಪ್ರತಿಗಳು:
1. ಸಸ್ಪೆನ್ಷನ್ ಉನ್ನತೀಕರಣ ಸಮಿತಿಯ ಅಧ್ಯಕ್ಷರಿಗೆ — ಫೋಟೋ ತೆಗೆಸಿಕೊಳ್ಳುವಾಗ ಲಾರಿಗೆ ಒರಗದಂತೆ ಕೋರಿ.
2. ವರ್ಕ್‌ಶಾಪ್ ಮೇಸ್ತ್ರಿಯವರಿಗೆ — ನಾಲಿಗೆಯ ಸದ್ಯದ ಸ್ಥಿತಿ ತಿಳಿಸಲು.
3. ಉಗ್ರಾಣಿಗರಿಗೆ — ಮೊಹರಿನ ರಕ್ಷಣೆಗಾಗಿ.
4. ಗುಡ್ಡದ ಠಾಣೆಗೆ — ಸಾಮಾನು ತಲುಪಿದೆಯೆಂದು ಬರೆದು ಕಳುಹಿಸಲು.
5. ಚಾಲಕ ಉದ್ದಣ್ಣ ಅವರಿಗೆ — ಮನೆಯ ವಿಳಾಸಕ್ಕೆ. ಸದರಿಯವರು ಮನೆಯಲ್ಲಿದ್ದಾರೆ.