ಅತ್ತೆ, ಮಣಿ ಮತ್ತು ಮಡಿಕೋಲು

ನಮ್ಮ ಅತ್ತೆಗೆ ನಾಯಿ ಕಂಡರೆ ಆಗುವುದಿಲ್ಲ. ಕಟ್ಟಿಹಾಕಿದ ನಾಯಿ ಕಂಡರೆ ಇನ್ನೂ ಆಗುವುದಿಲ್ಲ! ಇವೆರಡರ ನಡುವೆ ಸಿಕ್ಕಿ ಸೊರಗಿದವಳು ನಾನು. ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾಗದೆ, ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ, ಮದರಾಸಿನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಫ್ಲಾಟಿನಲ್ಲಿ ಮಡಿ, ಪೂಜೆ, ಪಂಚಾಯಿತಿ ಮೂರನ್ನೂ ಒಟ್ಟಿಗೆ ನಡೆಸಿಕೊಂಡು ಬಂದವರು. ನಾನು ಬ್ಯಾಂಕಿನವಳು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ನನಗೆ ಬೇಕಾದದ್ದು ಒಂದು ಲೋಟ ಕಾಫಿ; ಸಿಗುತ್ತಿದ್ದದ್ದು ನಾಯಿಯ ಸಮಾಚಾರ.

ನಾಯಿಯ ಹೆಸರು ಮಣಿ. ಕೆಳಮನೆಯ ಮಾಮನದು. ಮೆಟ್ಟಿಲಿನ ಕಂಬಿಗೆ ಬಿಗಿದ ಸರಪಳಿಯಲ್ಲೇ ಅದರ ಹಗಲು, ರಾತ್ರಿ, ಊಟ, ನಿದ್ದೆ ಎಲ್ಲ. ಹೀಗಿರುವಾಗ ನಾಯಿಗಳ ಬಗ್ಗೆ ನಗರದಲ್ಲಿ ನಿಯಮಗಳ ಮಾತು ಶುರುವಾಯಿತು. ಬೀದಿಗೆ ತಂದರೆ ಹಗ್ಗ ಹಿಡಿದಿರಬೇಕು ಎಂದು ಒಂದು. ಮನೆಯಲ್ಲಿ ದಿನವಿಡೀ ಕಟ್ಟಿಹಾಕಬಾರದು ಎಂದು ಇನ್ನೊಂದು. ಮಾಮ ಮೊದಲನೆಯದನ್ನು ಓದಿದರು, ಅತ್ತೆ ಎರಡನೆಯದನ್ನು. ಪತ್ರಿಕೆ ಮಾತ್ರ ಒಂದೇ!

"ಅವುತ್ತು ವಿಟ್ಟಾ ಯಾರೈಯಾವದು ಕಡಿಚ್ಚಿಡುಂ ಮಾಮಿ. ಅಪ್ಪುರಂ ಯಾರ್ ಪದಿಲ್ ಸೊಲ್ರದು?" ಎಂದು ಮಾಮ ಕೇಳಿದರು. ಬಿಚ್ಚಿದರೆ ಯಾರನ್ನಾದರೂ ಕಚ್ಚುತ್ತದೆ, ಆಮೇಲೆ ಉತ್ತರ ಕೊಡುವವರು ಯಾರು ಎಂಬುದು ಅವರ ಪ್ರಶ್ನೆ. ತಪ್ಪು ಪ್ರಶ್ನೆಯೇನಲ್ಲ. ನಮ್ಮ ಗೇಟು ಸದಾ ತೆರೆದಿರುತ್ತದೆ. ಹಾಲಿನವರು, ಕೊರಿಯರಿನವರು ಬರುತ್ತಲೇ ಇರುತ್ತಾರೆ.

"ಕಟ್ಟಿಟ್ಟೇ ಅದಕ್ಕೆ ಕೋಪ ಬಂದಿರೋದು. ನಿಮ್ಮನ್ನ ಕಟ್ಟಿದ್ರೆ ನೀವು ಸುಮ್ನೆ ಇರ್ತೀರಾ?" ಎಂದರು ಅತ್ತೆ.

ಮೊಣಕಾಲು ನೋವು ತಮ್ಮನ್ನು ಕುರ್ಚಿಗೆ ಕಟ್ಟಿಹಾಕಿ ಬಹಳ ದಿನವಾಯಿತು, ತಾವೇನಾದರೂ ಬೊಗಳುತ್ತಿರುವುದುಂಟೇ ಎಂದು ಮಾಮ ಕೇಳಿದರು. ಅತ್ತೆ ಉತ್ತರ ಕೊಡುವ ಮೊದಲೇ ನಾನು ಅವರನ್ನು ಎಳೆದುಕೊಂಡು ಮೇಲೆ ಬಂದೆ.

ಜಗಳ ಬಲಿಯಿತು. ಇಷ್ಟೊಂದು ಕಾಟವಾದರೆ ಮಣಿಯನ್ನು ರಾಯಪುರಂನಲ್ಲಿರುವ ಭಾವಮೈದುನನ ಗೋದಾಮಿಗೆ ಕಳಿಸಿಬಿಡುತ್ತೇನೆ, ಅಲ್ಲಿ ಕಾವಲಿಗೆ ನಾಯಿ ಬೇಕಂತೆ, ಎಂದು ಮಾಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಲ್ಲಿ ಇದಕ್ಕಿಂತ ಗಿಡ್ಡ ಸರಪಳಿ. ಕೇಳುವ ಅತ್ತೆಯೂ ಇಲ್ಲ. ಆ ದಿನದಿಂದ ಅತ್ತೆಗೆ ಊಟ ಸೇರದಾಯಿತು.

"ನಾನು ಬಾಯಿ ಹಾಕಿ ಅದರ ಗತಿ ಇನ್ನೂ ಕೆಡಿಸಿದ್ನೇನೇ?" ಎಂದು ಕೇಳಿದರು. ನಾನು ಸುಸ್ತಾಗಿದ್ದೆ, ಆದರೂ ಇಲ್ಲ ಎಂದೆ.

ಕೊನೆಗೆ ತಾರಸಿಯ ಮೇಲೆ ಫ್ಲಾಟಿನವರ ಸಭೆ ಸೇರಿತು. ಅತ್ತೆ ಹುಟ್ಟಿ ಬೆಳೆದದ್ದೇ ಮದರಾಸಿನಲ್ಲಿ. ತಮಿಳು ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಸಿಟ್ಟು ಬಂದರೆ ಕನ್ನಡ ಬಿಟ್ಟು ಬೇರೆ ಭಾಷೆ ಹೊರಡುವುದಿಲ್ಲ. ಹಾಗಾಗಿ ನಾನು ದುಭಾಷಿ. ಅತ್ತೆ ಬಹಳ ಹೊತ್ತು ಮಾತಾಡಿದರು. ಪಾಪ, ಪುಣ್ಯ, ಮುಂದಿನ ಜನ್ಮದಲ್ಲಿ ಮಾಮ ಯಾವ ಕಂಬಿಗೆ ಕಟ್ಟಿಸಿಕೊಳ್ಳಲಿದ್ದಾರೆ ಎಂಬ ವಿವರ, ಎಲ್ಲವೂ ಬಂತು. ಸ್ವಲ್ಪ ಹೊತ್ತು ಬಿಚ್ಚಿಬಿಟ್ಟರೆ ಒಳ್ಳೆಯದು ಎನ್ನುತ್ತಿದ್ದಾರೆ ಎಂದು ನಾನು ತಮಿಳಿನಲ್ಲಿ ಮುಗಿಸಿದೆ.

"ನಾನ್ ಸೊನ್ನದು ಇವ್ವಳವುದಾನಾ?" ಎಂದರು ಅತ್ತೆ, ಅಚ್ಚ ತಮಿಳಿನಲ್ಲಿ. ತಾವು ಹೇಳಿದ್ದು ಇಷ್ಟೇನಾ ಎಂದು ಎಲ್ಲರೆದುರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಸಂಘದ ಕಾರ್ಯದರ್ಶಿ ಆಕಳಿಸಿ ಒಂದು ದಾರಿ ತೋರಿಸಿದರು. ಗೇಟು ತಾನೇ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಹಾಕಿಸೋಣ. ಯಾರಾದರೂ ದಿನಾ ಬೆಳಗ್ಗೆ ಮಣಿಯನ್ನು ಹಗ್ಗ ಹಿಡಿದು ತಿರುಗಾಡಿಸಲಿ. ಪಳಗಿದರೆ ಸರಪಳಿ ಬಿಚ್ಚೋಣ, ಇಲ್ಲವಾದರೆ ರಾಯಪುರಂ. ಮಾಮನಿಗೆ ಮೊಣಕಾಲು ನೋವು. ಉಳಿದವರೆಲ್ಲ ನೀರಿನ ಟ್ಯಾಂಕನ್ನು ನೋಡತೊಡಗಿದರು. ಅತ್ತೆ ಕೈ ಎತ್ತಿದರು.

ಆದರೆ ಬೆಳಗ್ಗೆ ಅತ್ತೆ ಮಡಿಯಲ್ಲಿರುತ್ತಾರೆ. ಮನೆಯವರಾದ ನಾವೇ ಅವರ ಸೆರಗಿನ ಗಾಳಿ ಸೋಕದಂತೆ ಗೋಡೆಗೆ ಅಂಟಿಕೊಂಡು ಓಡಾಡುತ್ತೇವೆ. ಇನ್ನು ನಾಯಿ ಯಾವ ಲೆಕ್ಕ? ಅತ್ತೆ ಮಡಿಕೋಲನ್ನು ತಂದರು. ಮಡಿ ಸೀರೆಯನ್ನು ಯಾರ ಕೈಗೂ ತಾಗದಷ್ಟು ಎತ್ತರದ ಹಗ್ಗಕ್ಕೆ ಒಣಹಾಕುವ ಉದ್ದನೆಯ ಬಿದಿರು ಅದು. ಅದರ ತುದಿಗೆ ಮಣಿಯ ಹಗ್ಗ ಕಟ್ಟಿಸಿದರು. ಕಟ್ಟಿದ್ದು ನಾನು, ಮತ್ಯಾರು?

"ಹಗ್ಗಕ್ಕೆ ಮೈಲಿಗೆ ಹತ್ತುತ್ತೆ. ಬಿದಿರಿಗೆ ಹತ್ತಲ್ಲ," ಎಂದರು. ಅದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಮುಂದೆ ಮಣಿ, ನಡುವೆ ಬಿದಿರು, ಹಿಂದೆ ಒದ್ದೆ ಸೀರೆಯ ಅತ್ತೆ. ಕೋಲಿನ ಉದ್ದ ನೋಡಿಯೇ ಬೀದಿಯ ಜನ ದೂರ ಸರಿದರು. ಅತ್ತೆಯ ಮಡಿ ಮನೆಯಲ್ಲಿದ್ದದ್ದಕ್ಕಿಂತ ಭದ್ರವಾಯಿತು. ರೈಲ್ವೆ ಸ್ಟೇಷನ್ನಿನ ಹತ್ತಿರದ ಹೂವಿನವಳು, "ಮೀನ್ ಪುಡಿಕ್ಕವಾ ಮಾಮಿ?" ಎಂದು ಕೇಳಿದಳು. ಮೀನು ಹಿಡಿಯಲು ಹೊರಟಿರಾ ಎಂದು ಮಡಿ ಹೆಂಗಸನ್ನು ಕೇಳುವುದೇ! ಅತ್ತೆ ಆ ದಿನ ಹೂವು ಕೊಳ್ಳಲಿಲ್ಲ. ಮರುದಿನ ಕೊಂಡರು, ಮಣಿ ಅವಳ ಬುಟ್ಟಿಯ ಪಕ್ಕ ತೆಪ್ಪಗೆ ಕೂತು ಬಾಲ ಆಡಿಸಿತಂತೆ.

ಹೀಗೆ ಮಣಿ ಪಳಗಿತು. ಒಂದು ಸೋಮವಾರ ಬೆಳಗ್ಗೆ ಮಾಮ ಕುಂಟುತ್ತಾ ಬಂದು ಎಲ್ಲರೆದುರು ಸರಪಳಿ ಬಿಚ್ಚಿದರು. ಯಾರ ಮೇಲಾದರೂ ಹಾರಿದರೆ ಸಂಜೆಯೇ ರಾಯಪುರಂ ಎಂದು ಮತ್ತೊಮ್ಮೆ ನೆನಪಿಸಿದರು. ನಾವೆಲ್ಲ ಉಸಿರು ಬಿಗಿಹಿಡಿದು ಮೆಟ್ಟಿಲ ಮೇಲೆ ನಿಂತೆವು.

ಮಣಿ ಹಾರಲಿಲ್ಲ. ಎದ್ದು ಸ್ವಲ್ಪ ದೂರ ನಡೆಯಿತು. ಸರಪಳಿ ಮುಗಿಯುತ್ತಿದ್ದ ಜಾಗ ಬಂದೊಡನೆ ನಿಂತುಬಿಟ್ಟಿತು. ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ಮಾಮ ಕರೆದರು, ಬಿಸ್ಕತ್ತು ತೋರಿಸಿದರು. ಹಗ್ಗ ಹಾಕಿದರೆ ಸ್ಟೇಷನ್ನಿನ ತನಕ ಬರುವ ನಾಯಿ, ಹಗ್ಗವಿಲ್ಲದೆ ಅಲ್ಲಿಂದಾಚೆಗೆ ಕಾಲಿಡಲಿಲ್ಲ. ಲೂಸು ನಾಯಿ ಎಂದು ನಕ್ಕು ಒಬ್ಬೊಬ್ಬರೇ ಕೆಲಸಕ್ಕೆ ಹೊರಟರು.

ಅತ್ತೆ ನಗಲಿಲ್ಲ. ಮಡಿಯಲ್ಲಿದ್ದರೂ ಹೋಗಿ, ಮಣಿ ನಿಂತಿದ್ದಲ್ಲೇ ನೆಲದ ಮೇಲೆ ಕೂತರು. ಅದು ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ.

"ಅಮ್ಮ ಹೋದ್ಮೇಲೆ ನಂಗೂ ಹೀಗೇ ಆಗಿತ್ತು ಕಣೇ," ಎಂದರು. ಅಮ್ಮ ಎಂದರೆ ನನ್ನ ಅಜ್ಜಿ. ಆಕೆ ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ಅತ್ತೆಗೆ ಮನೆ ಬಿಟ್ಟರೆ ಆಫೀಸು, ಆಫೀಸು ಬಿಟ್ಟರೆ ಮನೆ. "ಇನ್ನು ನೀನು ಫ್ರೀ, ಎಲ್ಲಿಗ್ ಬೇಕಾದ್ರೂ ಹೋಗು ಅಂದ್ರು ಎಲ್ರೂ. ಒಳ್ಳೆ ಸೀರೆ ಉಟ್ಕೊಂಡು ಗೇಟ್ ತನಕ ಬರ್ತಿದ್ದೆ. ಆಮೇಲೆ ಕಾಲೇ ಏಳ್ತಿರ್ಲಿಲ್ಲ. ತಿರುಗಿ ಮೇಲೆ ಹೋಗ್ಬಿಡ್ತಿದ್ದೆ." ಮಣಿಯ ತಲೆಯ ಮೇಲೆ ಕೈ ಇಟ್ಟರು. "ಅವಸರ ಇಲ್ಲ ಕಣೋ. ಕೂತ್ಕೊಳ್ಳೋಣ."

ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಒಂಬತ್ತರ ರೈಲು ಹೋದರೆ ಹೋಗಲಿ ಎಂದು, ಬ್ಯಾಗು ಕೆಳಗಿಟ್ಟು ನಾನೂ ಅವರ ಪಕ್ಕ ಕೂತೆ.