ಪೊರ್ಬುಗಳ ಬಿಯರ್ ಪಾಠ

ನಾನು ಬಾಯಿ ತೆರೆದಾಗಲೆಲ್ಲ ಇನ್ಯಾರಿಗೋ ಕೆಲಸ ಹತ್ತಿಕೊಳ್ಳುತ್ತದೆ. ದುಬೈಗೆ ಬಂದು ಇಷ್ಟು ವರ್ಷವಾದರೂ ಈ ಚಾಳಿ ಹೋಗಿಲ್ಲ. ಈಗೀಗ ನನಗೇ ಸುಸ್ತು. ಇಲ್ಲಿ ಹೇಳುವುದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಕೇಳಬೇಡಿ.

೧. ಮಾತು ಕೊಟ್ಟದ್ದು

ಅಲ್ ಬರ್ಷಾದ ನಮ್ಮ ರೂಮಿನಲ್ಲಿ ಪಕ್ಕದ ಮಂಚದವರು ಪೊರ್ಬುಗಳು. ತುಳುವಿನಲ್ಲಿ ನಾವು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಮಗಳ ಮದುವೆ ಗೊತ್ತಾಗಿ, ಬೀಗರ ಫೋನು ಬಂದಾಗ ನಾನು ಪಕ್ಕದಿಂದ ಕೂಗಿದೆ: “ನಮ್ಮ ಪೊರ್ಬುಗಳು ಕೈಯಾರೆ ಬಿಯರ್ ಮಾಡ್ತಾರೆ, ಗೊತ್ತುಂಟಾ? ಕಂಪನಿಯದ್ದು ಅದರ ಮುಂದೆ ಎಂತದೂ ಅಲ್ಲ!”

ಬೀಗರು ಖುಷಿಯಾಗಿ, “ಹಾಗಾದರೆ ರೋಸಿಗೆ ನಾವೂ ಬರುತ್ತೇವೆ. ನಿಮ್ಮದೇ ಬಿಯರ್!” ಎಂದರು. ರೋಸ್ ಎಂದರೆ ಮದುವೆಯ ಮುಂಚೆ ಹುಡುಗಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಬೀಗರಿಗೆ ಇಲ್ಲ ಎನ್ನುವುದು ಹೇಗೆ? ಪೊರ್ಬುಗಳು “ಆಯ್ತು” ಎಂದು ಫೋನ್ ಇಟ್ಟು ನನ್ನನ್ನು ನೋಡಿದರು.

“ಮಾರಾಯ, ನನಗೆ ಚಹಾ ಮಾಡಲಿಕ್ಕೂ ಬರುವುದಿಲ್ಲ.”

೨. ವಿಡಿಯೊ

ಇಲ್ಲಿ ಮಾಡಿ ನೋಡುವ ಹಾಗಿಲ್ಲ. ಸಿಕ್ಕಿಬಿದ್ದರೆ ವೀಸಾ ಖಲಾಸ್. ರಜೆಗೆ ನಾಲ್ಕು ತಿಂಗಳು. ಅಷ್ಟರಲ್ಲಿ ನೋಡಿ, ಓದಿ ಕಲಿಯಬೇಕು. ನೆಟ್ಟಿನಲ್ಲಿ ಹುಡುಕಿದರೆ ಗಡ್ಡದ ಅಮೆರಿಕನ್ ಒಬ್ಬ ಸಿಕ್ಕಿದ. “ನಿಮ್ಮ ಗ್ಯಾರೇಜಿಗೆ ಹೋಗಿ,” ಎಂದು ಶುರುಮಾಡಿದ. ನಮ್ಮ ಗ್ಯಾರೇಜು ಮಂಚದ ಅಡಿ. ಆಮೇಲೆ ಮೊಳಕೆ ಬಾರ್ಲಿಯನ್ನು ನೂರೈವತ್ತು ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ ಎಂದ. ಅದು ಅವರ ಊರಿನ ಫ್ಯಾರನ್‌ಹೀಟು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಪೊರ್ಬುಗಳು ಪೆನ್ನು ಕೆಳಗಿಟ್ಟರು. “ನೂರೈವತ್ತರಲ್ಲಿ ನಾವು ಬೆಡ್‌ಶೀಟ್ ಇಸ್ತ್ರಿ ಮಾಡುವುದು, ಮಾರಾಯ.”

೩. ಪುಸ್ತಕ

ಕೊನೆಗೆ ಲಂಡನ್ನಿನಿಂದ ಬಂದ ನನ್ನ ಆಫೀಸಿನವನೊಬ್ಬ ಒಳ್ಳೆಯ ಪುಸ್ತಕ ತಂದುಕೊಟ್ಟ. ಹೊಸಬರಿಗೆಂದೇ ಬರೆದದ್ದು, ಚಿತ್ರ ಸಮೇತ. ಯಾರ ಕಣ್ಣಿಗೂ ಬೀಳಬಾರದೆಂದು ಕಂದು ಕಾಗದದ ಬೈಂಡ್ ಹಾಕಿದೆ. ಪೊರ್ಬುಗಳ ಇಗರ್ಜಿಯ ಹಾಡಿನ ಪುಸ್ತಕಕ್ಕೂ ಅದೇ ಬೈಂಡು, ಅದೇ ಗಾತ್ರ. ದುಬೈಯ ಚರ್ಚುಗಳಲ್ಲಿ ವಾರದ ಪೂಜೆ ಶುಕ್ರವಾರ. ಆ ಬೆಳಿಗ್ಗೆ ಅವರ ಚೀಲದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೋಯಿತು. ಹೇಗೆ ಎಂದು ನನಗೆ ಗೊತ್ತಿಲ್ಲ, ದೇವರಾಣೆ.

ಪೂಜೆಯ ಮಧ್ಯೆ ಎಲ್ಲರೂ ಹಾಡಲು ಎದ್ದು ನಿಂತರೆ ಇವರು ತೆರೆದ ಪುಟದಲ್ಲಿ ಸೀಸೆಗಳ ಚಿತ್ರ. ಹೊರಗೆ ಬರುವಾಗ ಫಾದರ್ ಕೈ ಚಾಚಿದರು. “ಇದು ನನ್ನ ಹತ್ತಿರ ಇರಲಿ.”

“ಬೈದರಾ?” ಎಂದೆ, ಪೊರ್ಬುಗಳು ರೂಮಿಗೆ ಮರಳಿದ ಮೇಲೆ.

“ಇಲ್ಲ. ಪುಟ ಗುರುತಿಗೆ ರಿಬ್ಬನ್ ಇಟ್ಟುಕೊಂಡರು.”

೪. ಬಕೆಟ್

ಪುಸ್ತಕ ಹೋಯಿತು. ಹುದುಗು ಬರುವ ಅಂದಾಜಾದರೂ ಸಿಗಲಿ ಎಂದು ಪೊರ್ಬುಗಳು ಇಡ್ಲಿ ಹಿಟ್ಟಿನಲ್ಲಿ ಅಭ್ಯಾಸಕ್ಕಿಳಿದರು. ಬಕೆಟ್ಟಿನ ಮುಚ್ಚಳಕ್ಕೆ ತೂತು, ತೂತಿಗೆ ಪೈಪು, ಪೈಪಿನ ತುದಿ ನೀರಿನ ಲೋಟದಲ್ಲಿ. ವಿಡಿಯೊದಲ್ಲಿದ್ದ ಹಾಗೇ ಗುಳುಗುಳು. ಅಷ್ಟರಲ್ಲಿ ಬಾತ್‌ರೂಮಿನ ನಲ್ಲಿ ಸೋರುವುದನ್ನು ನೋಡಲು ಕಟ್ಟಡದ ವಾಚ್‌ಮನ್ ಬಂದ.

“ಯೇ ಕ್ಯಾ ಹೈ?”

ಪೊರ್ಬುಗಳು ಬೆವರಿದರು. “ಇಡ್ಲಿ.”

“ಇಡ್ಲಿಗೆ ಪೈಪ್ ಯಾಕೆ?”

“ಅದಕ್ಕೆ ಅಸ್ತಮಾ,” ಎಂದೆ ನಾನು.

ಹನ್ನೆರಡು ಇಡ್ಲಿ ತಿಂದ ಮೇಲೆ ನಂಬಿದ. ಆಮೇಲೆ ಪ್ರತಿ ವಾರ ಬಾಗಿಲು ಬಡಿದು ಕೇಳುತ್ತಿದ್ದ: “ಪೇಷಂಟ್ ಹೇಗಿದ್ದಾರೆ?”

೫. ರೋಸು

ಪೊರ್ಬುಗಳು ಏನೂ ಕಲಿಯದೆ ಊರಿಗೆ ಹೋದರು. ರೋಸಿನ ಮರುದಿನ ಫೋನು ಬಂತು.

“ಅಂಗಡಿಯಿಂದಲೇ ತಂದೆ, ಮಾರಾಯ. ರಾಶಿ ಸೀಸೆಯ ಲೇಬಲ್ಲು ನೆನೆಸಿ ತೆಗೆದೆ. ಅಂಟಿನ ಗುರುತು ಒಂದೂ ಇಲ್ಲ. ಇಪ್ಪತ್ತು ವರ್ಷದ ಲಾಂಡ್ರಿ ಸರ್ವಿಸ್ ಅಲ್ವಾ?”

“ಬೀಗರು?”

“ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ‘ಕೈಯದ್ದೇ ಬೇರೆ, ಕಂಪನಿಯದ್ದೇ ಬೇರೆ,’ ಎಂದರು.”

“ಮಾನ ಉಳಿಯಿತಲ್ಲ!”

“ಎಲ್ಲಿ ಉಳಿಯಿತು? ಸೋಮವಾರದಿಂದ ಅವರಿಗೆ ಕಲಿಸಬೇಕಂತೆ. ಪಾತ್ರೆ ತರಿಸಿ ಆಗಿದೆ. ಹೇಗಾದರೂ ಫಾದರ್ ಹತ್ತಿರ ಆ ಪುಸ್ತಕ ಕೇಳಿ ಫೋಟೊ ತೆಗೆದು ಕಳಿಸು.”

ಶುಕ್ರವಾರ ಹೋಗಿ ಕೈಮುಗಿದು ಕೇಳಿದೆ. ಫಾದರ್ ಅತ್ತಿತ್ತ ನೋಡಿ ಸ್ವರ ತಗ್ಗಿಸಿದರು.

“ಇನ್ನೊಂದು ಹದಿನೈದು ದಿನ ಬಿಡಿ. ಆರನೇ ಅಧ್ಯಾಯದಲ್ಲಿದ್ದೇನೆ. ಊರಲ್ಲಿ ತಮ್ಮನ ಮಗನ ಮದುವೆ. ನಾನೂ ಬೀಗರಿಗೆ ಮಾತು ಕೊಟ್ಟಾಗಿದೆ.”