ಗೋಪುರ ನೆಟ್ಟಗೆ, ಅತ್ತೆ ಓರೆ

ನಮ್ಮ ಮಾವನಿಗೆ ಪೆನಾಂಗ್ ಹುಚ್ಚು ಹಿಡಿದಿದೆ ಎಂಬುದು ಮ್ಯಾಂಚೆಸ್ಟರಿನ ಸುತ್ತಮುತ್ತ ಕನ್ನಡ ಬಲ್ಲವರೆಲ್ಲ ಒಪ್ಪಿಕೊಂಡಿರುವ ಮಾತು. ಯುಗಾದಿ ಊಟಕ್ಕೆ ಸೇರಿದರೆ ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಮೊದಲೇ ಯಾರಾದರೊಬ್ಬರು ಇದನ್ನು ಹೇಳಿ ಮುಗಿಸಿರುತ್ತಾರೆ. ಎಲ್ಲರೂ ಒಪ್ಪಿದ ಮಾತು ಕಂಡರೆ ನನಗೆ ಮೈಯೆಲ್ಲ ಕಡಿತ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿಷಯದ ವಿರುದ್ಧವೇ ಮಾತಾಡಿ ಪದಕ ತಂದವಳು ನಾನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮಾವನಿಗೆ ಪೆನಾಂಗ್ ಹುಚ್ಚಿಲ್ಲ. ಅವರ ಕಾಯಿಲೆಯೇ ಬೇರೆ, ಅದಕ್ಕೆ ಇಲ್ಲಿನ ಯಾವ ಜಿಪಿ ಡಾಕ್ಟರ ಹತ್ತಿರವೂ ಮದ್ದಿಲ್ಲ!

ಮಾವ ಎಂದರೆ ನನ್ನ ಅಮ್ಮನ ದೊಡ್ಡಮ್ಮನ ಮಗ. ಮೈಸೂರಿನವರು. ಬಂದರಿನ ಕ್ರೇನುಗಳ ಎಂಜಿನಿಯರಾಗಿ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಬಹಳ ವರ್ಷ ಇದ್ದು, ಆಮೇಲೆ ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿಗೆ ಬಂದು ನೆಲೆಸಿದವರು. ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿದ್ದಾಗ ನಾನು ಎಂ.ಎ. ಓದಲೆಂದು ಮ್ಯಾಂಚೆಸ್ಟರಿಗೆ ಬಂದೆ. ಕರ್ನಾಟಕದಿಂದ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಊರು ತೋರಿಸುವುದು ಮಾವನ ಭಾನುವಾರದ ವ್ರತ. ಆದರೆ ಯಾವ ಊರು?

ಪಿಕಡಿಲಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಟೌನ್ ಹಾಲ್‌ವರೆಗೆ ನಡೆಸಿ, ಅದರ ಮುಂದೆ ಎಲ್ಲರನ್ನೂ ನಿಲ್ಲಿಸಿ, ಅದಕ್ಕೆ ಬೆನ್ನು ತಿರುಗಿಸಲು ಹೇಳುತ್ತಿದ್ದರು!

"ಈ ಮಸಿ ಹಿಡಿದ ಕಲ್ಲನ್ನ ಆಮೇಲೆ ನೋಡಿದ್ರಾಯ್ತು. ಪೆನಾಂಗಿನ ಸಿಟಿ ಹಾಲ್ ನೋಡಬೇಕು ನೀವು. ಬಿಳೀ ಕಟ್ಟಡ. ಮುಂದೆ ಹಸಿರು ಮೈದಾನ. ಅದರಾಚೆ ಸಮುದ್ರ. ಸಂಜೆ ಬಿಸಿಲು ಬಿದ್ರೆ, ಆಹಾ!"

ಚಳಿಗೆ ಹಲ್ಲು ಕಟಕಟಿಸುತ್ತ ಹುಡುಗರು ಬಸ್ಸುಗಳ ನಡುವೆ ಸಮುದ್ರ ಹುಡುಕುತ್ತಿದ್ದರು. ಧಾರವಾಡದ ಒಬ್ಬ ಅಂದು ಮನೆಗೆ ಫೋನ್ ಮಾಡಿ, "ಯವ್ವಾ, ಇಲ್ಲಿ ಟೌನ್ ಹಾಲ್ ಮುಂದ ಸಮುದ್ರ ಐತಂತ, ಮಂಜಿನಾಗ ಕಾಣಲಿಲ್ಲ" ಅಂದನಂತೆ!

ಪಿಕಡಿಲಿ ತೋಟದಲ್ಲಿ ಕಲ್ಲುಗಂಬಕ್ಕೆ ಒರಗಿ ಕೂತ ವಿಕ್ಟೋರಿಯಾ ರಾಣಿಗೂ ಅದೇ ಗತಿ. "ಇಲ್ಲಿ ಪಾಪ, ತಲೆ ಮೇಲೆ ಪಾರಿವಾಳ ಹೊತ್ತು ಕೂತಿದಾಳೆ. ಅಲ್ಲಿ ಅವಳ ಹೆಸರಲ್ಲಿ ಗಡಿಯಾರದ ಗೋಪುರ. ಅಲ್ಲೀವರೆಗೆ ಆಳಿದ ವರ್ಷಕ್ಕೊಂದು ಅಡಿ, ಅರವತ್ತು ಅಡಿ!"

ನನಗೆ ಇಷ್ಟು ಸಾಕಾಯಿತು. "ಮಾವ, ಆಳಿದವರು ಕಟ್ಟಿಸಿದ್ದನ್ನ ಹೀಗೆ ಹೊಗಳೋದು ಗುಲಾಮಗಿರಿ ಅಲ್ವಾ?" ಎಂದು ಮೊದಲ ಬಾಣ ಬಿಟ್ಟೆ.

"ಬಾಮ್ಮಾ ಲಾಯರಮ್ಮ," ಎಂದರು. ಅಂದಿನಿಂದ ನನಗೆ ಅದೇ ಹೆಸರು. "ಕಟ್ಟಿಸಿದವರು ಅವರು, ಸರಿ. ಕಟ್ಟಿದವರು ಯಾರು? ಅಲ್ಲಿ ಬಿಳೀ ಕಂಬದ ಚರ್ಚಿದೆ. ಅದನ್ನ ಕಟ್ಟಿದ್ದು ನಮ್ಮ ದೇಶದಿಂದ ಹಡಗಲ್ಲಿ ಸಾಗಿಸಿದ ಕೈದಿಗಳು. ಗಾರೆ ಕಲಸಿದ ಕೈಯನ್ನ ಹೊಗಳಬಾರದಾ?"

"ಹಾಗಾದ್ರೆ ಪೆನಾಂಗಿನ ಆ ಕೋಟೆ? ಅದನ್ನೂ ಬಾಯ್ತುಂಬ ಹೇಳ್ತೀರಲ್ಲ."

"ಹೇಳ್ತೀನಿ. ಹೊಗಳ್ತೀನಿ ಅಂದ್ನಾ? ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ನಲ್ಲ ಆ ಲಾರ್ಡು, ಅವನ ಹೆಸರೇ ಇಟ್ಟಿದಾರೆ ಅದಕ್ಕೆ. ಒಂದು ಯುದ್ಧ ಕಂಡಿಲ್ಲ ಆ ಕೋಟೆ. ನಾನು ಬಿಟ್ನಾ? ಸಂಜೆ ವಾಕಿಂಗ್ ಹೋದಾಗೆಲ್ಲ ಗೋಡೆಗೆ ಕಡಲೆಕಾಯಿ ಸಿಪ್ಪೆ ಎಸೆದು ಬರ್ತಿದ್ದೆ!"

ಶ್ರೀರಂಗಪಟ್ಟಣದ ಪರವಾಗಿ ಇಷ್ಟು ದೀರ್ಘಕಾಲ ಹೋರಾಡಿದ ಸೈನಿಕ ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ. ಆ ಸುತ್ತಿನಲ್ಲಿ ನಾನು ಸೋತೆ.

ಮಾವನ ಆಲ್ಬಮ್ ನೋಡಿದ್ದು ಆಮೇಲೆ. ಪುಟಪುಟದಲ್ಲೂ ಆ ಗಡಿಯಾರದ ಗೋಪುರ. ಅದರ ಮುಂದೆ ಅತ್ತೆ, ಬಣ್ಣಬಣ್ಣದ ಸೀರೆಗಳಲ್ಲಿ. ಎಲ್ಲದರಲ್ಲೂ ಅತ್ತೆ ಒಂದೇ ಕಡೆಗೆ ವಾಲಿದ್ದಾರೆ! ಅತ್ತೆಯಷ್ಟೇ ಅಲ್ಲ, ಹಿಂದಿನ ಮರ, ದೀಪದ ಕಂಬ, ಹಾದಿಹೋಕರು, ಎಲ್ಲರೂ ಬಿರುಗಾಳಿಗೆ ಸಿಕ್ಕವರಂತೆ ಓರೆ. ಗೋಪುರವೊಂದೇ ನೆಟ್ಟಗೆ.

"ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಗೋಪುರ ಸ್ವಲ್ಪ ವಾಲಿದೆ," ಎಂದು ಮಾವ ವಿವರಿಸಿದರು. "ಏಟು ತಿಂದೂ ನಿಂತಿದೆ, ಪಾಪ. ಅದರ ಕುಂಟನ್ನ ನಾಲ್ಕು ಜನಕ್ಕೆ ತೋರಿಸೋದು ಮರ್ಯಾದೆಯಾ? ಅದಕ್ಕೆ ಕ್ಯಾಮೆರಾನೇ ಸ್ವಲ್ಪ ವಾಲಿಸ್ತಿದ್ದೆ."

"ಹೆಂಡತಿ ಬಿದ್ದುಹೋದ್ರೂ ಪರವಾಗಿಲ್ಲ, ಗೋಪುರದ ಮರ್ಯಾದೆ ಉಳೀಬೇಕು!" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಆ ದಿನ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತ ಅತ್ತೆ ಹೇಳಿದ ಒಂದು ಮಾತಿನಿಂದ ಎಲ್ಲರ ವಾದವೂ ಬಿದ್ದುಹೋಯಿತು. "ಪೆನಾಂಗ್ ಹುಚ್ಚಾ? ಅಲ್ಲಿದ್ದಾಗ ಇವರ ಬಾಯಲ್ಲಿ ಪೆನಾಂಗ್ ಅನ್ನೋ ಹೆಸರೇ ಬರ್ತಿರಲಿಲ್ಲ ಕಣೆ! ಊರು ನೋಡೋಕೆ ಬಂದವರನ್ನ ಇದೇ ಗೋಪುರದ ಮುಂದೆ ನಿಲ್ಲಿಸಿ, ನಮ್ಮ ಮೈಸೂರಿನ ದೊಡ್ಡ ಗಡಿಯಾರ ನೋಡಬೇಕು ನೀವು ಅಂತಿದ್ರು. ಅಲ್ಲಿನ ಚೀನೀ ಪಕ್ಕದ್ಮನೆಯವರಿಗೆ ದೇವರಾಜ ಮಾರ್ಕೆಟ್ಟಿನ ಗಲ್ಲಿಗಲ್ಲಿ ಬಾಯಿಪಾಠ ಆಗಿತ್ತು."

"ಮೈಸೂರಲ್ಲಿದ್ದಾಗ?"

"ಯಾರಿಗೆ ಗೊತ್ತು! ತೊಟ್ಟಿಲಲ್ಲಿದ್ದಾಗ ಅಮ್ಮನ ಹೊಟ್ಟೇನೇ ಚೆನ್ನಾಗಿತ್ತು ಅಂತ ಅತ್ತಿರಬೇಕು."

ನಾವಿಬ್ಬರೂ ನಕ್ಕೆವು. ಅತ್ತೆ ಈಳಿಗೆಮಣೆಯಿಂದ ತಲೆ ಎತ್ತದೆ ಮುಂದುವರಿಸಿದರು. "ಸಾರೂ ಹಾಗೇ. ಇವತ್ತಿನ ಸಾರು ಇವತ್ತು ಚೆನ್ನಾಗಿದ್ದದ್ದೇ ಇಲ್ಲ. ನಾಳೆ ಕೇಳು, ನಿನ್ನೇದು ಅಮೃತ ಅಂತಾರೆ. ನನ್ನನ್ನೂ ಹೊಗಳ್ತಾರೆ ಬಿಡು, ನಾನು ಹೋದ್ಮೇಲೆ. ಕೇಳಿಸ್ಕೊಳ್ಳೋಕೆ ನಾನಿರಲ್ಲ, ಅಷ್ಟೇ."

ಈ ಸಲ ಅವರೊಬ್ಬರೇ ನಕ್ಕರು.

ಮಾವನ ಕಾಯಿಲೆಯ ಹೆಸರು ಇದು: ಪ್ರೀತಿ ತಡವಾಗಿ ತಲುಪುವುದು. ನಕ್ಷತ್ರದ ಬೆಳಕಿನ ಹಾಗೆ ಎಂದು ಯಾರಾದರೂ ಹೇಳಿಯಾರು. ನಾನು ಒಪ್ಪುವುದಿಲ್ಲ. ಅಷ್ಟು ದೂರದ ನಕ್ಷತ್ರಕ್ಕೆ ಬೇರೆ ದಾರಿಯಿಲ್ಲ. ಮಾವ ಕೂತಿರುವುದು ಅತ್ತೆಯ ಎದುರು ಕುರ್ಚಿಯಲ್ಲಿ!

"ಅತ್ತೆ, ಕಣ್ಣೆದುರಿಗಿರೋದನ್ನ ಇದ್ದಾಗಲೇ ಚೆನ್ನಾಗಿದೆ ಅಂತ ಅವರ ಬಾಯಲ್ಲಿ ಹೇಳಿಸ್ತೀನಿ ನೋಡಿ," ಎಂದು ಪಣ ತೊಟ್ಟೆ. "ಹೇಳಿಸು, ನಿನಗೆ ಪುಣ್ಯ ಬರತ್ತೆ," ಎಂದರು ಅತ್ತೆ. ತಮಾಷೆಗೆ ಹೇಳಿದಂತಿರಲಿಲ್ಲ.

ಸೋಲಿನ ಪರಂಪರೆಯೇ ಶುರುವಾಯಿತು. ತೋಟಕ್ಕೆಲ್ಲ ಹಿಮ ಬಿದ್ದ ಬೆಳಗ್ಗೆ, "ಎಷ್ಟು ಚೆನ್ನಾಗಿದೆ ಅಲ್ವಾ ಮಾವ?" ಎಂದೆ. "ಹೋದ ವರ್ಷ ಬಿದ್ದದ್ದು ಚೆನ್ನಾಗಿತ್ತು," ಎಂದರು. ಅತ್ತೆ ಹುಟ್ಟುಹಬ್ಬಕ್ಕೆ ಹೊಸ ಸೀರೆ ಉಟ್ಟು ಬಂದಾಗ ನಾನು ಕಣ್ಣು ಮಿಟುಕಿಸಿ ಸನ್ನೆ ಮಾಡಿದೆ. ಮಾವ ದಿಟ್ಟಿಸಿ ನೋಡಿ, "ಪೆನಾಂಗಲ್ಲಿ ನಿನ್ನ ಹತ್ರ ಒಂದು ಹಳದಿ ಸೀರೆ ಇತ್ತಲ್ಲ?" ಎಂದರು. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ನಡೆದರು.

ಅಷ್ಟರಲ್ಲಿ ಅತ್ತೆಯ ಸೊಂಟದ ಕೀಲು ಸವೆದು, ಅವರು ಒಂದು ಕಡೆಗೆ ವಾಲಿಯೇ ನಿಲ್ಲುವಂತಾಯಿತು. ಆಸ್ಪತ್ರೆಯ ಸರದಿ ಬರಲು ತಿಂಗಳುಗಳೇ ಹಿಡಿದವು. ಕೊನೆಗೆ ಆಪರೇಷನ್ನಿಗೆ ದಿನ ಗೊತ್ತಾದಾಗ, "ಅದಕ್ಕೆ ಮುಂಚೆ ಒಂದು ಸಲ ಊರು ನೋಡಿ ಬರೋಣ," ಎಂದರು ಮಾವ. ಈ ಸಲ ವಿದ್ಯಾರ್ಥಿಗಳಿರಲಿಲ್ಲ, ನಾವು ಮೂವರೇ.

ಟೌನ್ ಹಾಲ್ ಮುಂದೆ ಅತ್ತೆ ಊರುಗೋಲು ಊರಿ ನಿಂತರು. ಅಭ್ಯಾಸಬಲದಿಂದ ಅದಕ್ಕೆ ಬೆನ್ನು ಹಾಕಿ, "ಹೂಂ, ಶುರು ಮಾಡಿ. ಸಮುದ್ರ ಯಾವ ಕಡೆ?" ಎಂದರು.

ಮಾವ ಸಮುದ್ರದ ಸುದ್ದಿ ಎತ್ತಲಿಲ್ಲ. ಕ್ಯಾಮೆರಾ ತೆಗೆದರು. ಹಿಂದೆ ಹೋದರು, ಮುಂದೆ ಬಂದರು, ಕತ್ತು ಕೊಂಕಿಸಿದರು.

"ಬೇಗ ರೀ, ಕಾಲು ಎಳೀತಿದೆ."

"ತಡಿಯೇ, ಗಡಿಬಿಡಿ ಮಾಡಬೇಡ."

ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಾದೆ. 'ಚೆನ್ನಾಗಿದೆ' ಎಂಬ ಪದ ಬರಲೇ ಇಲ್ಲ. ವಾಪಸ್ ರೈಲಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ, "ನಿನ್ನ ಪಣ ಹೋಯ್ತಲ್ಲೇ," ಎಂದರು.

ಆಪರೇಷನ್ ದಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಮಾವನ ಪಕ್ಕ ಕೂತಿದ್ದೆ. ಅತ್ತೆಯನ್ನು ಒಳಗೆ ಕರೆದೊಯ್ದು ಆಗಲೇ ಬಹಳ ಹೊತ್ತಾಗಿತ್ತು. ಪೆನಾಂಗಿನ ಆಸ್ಪತ್ರೆಗಳು ಹೇಗಿದ್ದವೆಂದು ಹೇಳುತ್ತಾರೇನೋ ಎಂದುಕೊಂಡೆ. ಅದರ ಬದಲು ಮಾವ ಕೋಟಿನ ಜೇಬಿನಿಂದ ಸ್ಟುಡಿಯೋದ ಕವರು ತೆಗೆದು ನನ್ನ ಕೈಗಿಟ್ಟರು. ಒಳಗೆ ಒಂದೇ ಫೋಟೊ.

ಮ್ಯಾಂಚೆಸ್ಟರಿನ ಟೌನ್ ಹಾಲ್ ಇಡಿಯಾಗಿ ಒಂದು ಕಡೆಗೆ ವಾಲಿತ್ತು. ಅದರ ಗಡಿಯಾರದ ಗೋಪುರ ಇನ್ನೇನು ಬಿದ್ದೇಬಿಡುವಂತಿತ್ತು. ದೀಪದ ಕಂಬ ಓರೆ, ಬಸ್ಸು ಓರೆ, ಅಂಚಿನಲ್ಲಿ ಸಿಕ್ಕಿಬಿದ್ದ ನಾನೂ ಓರೆ. ನಡುವೆ ಅತ್ತೆಯೊಬ್ಬರೇ ಕಂಬದ ಹಾಗೆ ನೆಟ್ಟಗೆ ನಿಂತಿದ್ದರು.

ಯಾವ ಪಕ್ಷದಲ್ಲಿ ನಿಂತು ವಾದಿಸಬೇಕೆಂದು ನನಗೆ ಮೊದಲ ಬಾರಿಗೆ ತಿಳಿಯಲಿಲ್ಲ. ಫೋಟೊ ಹಿಂದಿರುಗಿಸಿದೆ. ಮಾವ ಅದನ್ನು ಕವರಿಗೆ ಸೇರಿಸಿ, ಒಳಗೆ ಹೋಗುವ ಬಾಗಿಲನ್ನೇ ನೋಡುತ್ತ ಕೂತರು.

"ಮಾವ," ಎಂದೆ, "ಇದನ್ನ ಇವತ್ತೇ ಅತ್ತೆಗೆ ತೋರಿಸ್ತೀರಾ? ಇಲ್ಲ, ಅದಕ್ಕೂ ನೀವು ಇನ್ನೊಂದು ಊರಿಗೆ ಹೋಗಬೇಕಾ?"